ಮಾವ ಎಣಿಸಿದ ಮುನ್ನೂರು ರಿವೆಟ್

ನಾನು ರೈಲು ಎಂಜಿನ್ ಮಾಡುತ್ತಿದ್ದೇನೆ ಎಂಬ ಸುದ್ದಿ ನಮ್ಮೂರಿನಿಂದ ತುರುವೇಕೆರೆ ತಲುಪಲು ಎರಡು ದಿನ ಹಿಡಿಯಿತು. ಮಾಯಸಂದ್ರ ಮುಟ್ಟುವ ಹೊತ್ತಿಗೆ ಎಂಜಿನ್ನಿಗೆ ನಾಲ್ಕು ಡಬ್ಬಿಗಳೂ ಸೇರಿಕೊಂಡಿದ್ದವು. ಆ ಕಡೆಯವರೊಬ್ಬರು ಮನೆ ಪ್ಲಾನ್ ಬರೆಸಲು ತಿಪಟೂರಿನ ನನ್ನ ಆಫೀಸಿಗೆ ಬಂದಿದ್ದರು. ಕಾಯಿ ತುಂಬುವ ಅಟ್ಟದ ಅಳತೆಯೆಲ್ಲ ಮಾತಾಡಿ ಮುಗಿದ ಮೇಲೆ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಕೇಳಿದರು.

"ಮೇಡಮ್, ನಿಮ್ ಎಂಜಿನ್ನು ರೆಡಿಯಾದ್ರೆ ತುರುವೇಕೆರೆಗೂ ಬತ್ತದಾ?"

ತುರುವೇಕೆರೆ ಪೇಟೆಗೆ ಇವತ್ತಿಗೂ ರೈಲಿಲ್ಲ. ಪಾಪ, ಆಸೆ ಯಾರಿಗಿರುವುದಿಲ್ಲ.

"ಅದು ಕಂಪ್ಯೂಟರ್ ಬಿಟ್ಟು ಆಚೆಗೇ ಬರಲ್ಲ ಕಣ್ರೀ" ಎಂದೆ.

"ಓ, ಹಂಗಾರೆ ಗೌರ್ಮೆಂಟ್ ಎಂಜಿನ್ನೇ ಅನ್ನಿ" ಎಂದು ಅವರು ಸಮಾಧಾನದಿಂದ ಇಳಿದು ಹೋದರು.

ನನಗೀಗ ಐವತ್ತು ದಾಟಿದೆ. ಸಿವಿಲ್ ಡಿಪ್ಲೊಮಾ ಮುಗಿಸಿ, ಇಪ್ಪತ್ತೈದು ವರ್ಷದಿಂದ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಕೂತು ಜನರ ಮನೆಗಳ ನಕ್ಷೆ ಬರೆಯುತ್ತಿದ್ದೇನೆ. ಮೂವತ್ತು ನಲವತ್ತರ ಸೈಟು, ಈಶಾನ್ಯಕ್ಕೆ ಸಂಪು, ಆಗ್ನೇಯಕ್ಕೆ ಒಲೆ. ಬಚ್ಚಲು ಎಲ್ಲಿರಬೇಕು ಎಂಬುದರಲ್ಲಿ ಗಂಡನಿಗೂ ಹೆಂಡತಿಗೂ ಜಗಳ, ಅವರಿಬ್ಬರಿಗೂ ಜೋಯಿಸರಿಗೂ ಜಗಳ, ಆ ಮೂವರಿಗೂ ನನಗೂ ಜಗಳ. ಕೊನೆಗೆ ಪ್ಲಾನ್ ಪಾಸಾದ ಮೇಲೆ ಮೇಸ್ತ್ರಿ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ತನಗೆ ತೋಚಿದ್ದನ್ನು ಕಟ್ಟುತ್ತಾನೆ. ಎಳೆದ ಗೆರೆಯನ್ನು ಎಳೆದ ಹಾಗೆಯೇ ಕಟ್ಟಿದ್ದನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಯಜಮಾನರು ಹೇಳುತ್ತಿರುತ್ತಾರೆ. ಅವರು ಹುಳಿಯಾರಿನ ಕಡೆ ಹೈಸ್ಕೂಲ್ ಮೇಷ್ಟ್ರು, ಮೇಸ್ತ್ರಿಗಳ ಸಹವಾಸ ಗೊತ್ತಿಲ್ಲ.

ಹೀಗಿರುವಾಗ ಒಂದು ದಿನ, ಯಾರದೋ ಮನೆಯ ಮೆಟ್ಟಿಲಿಗೆ ಹಳೇ ಕಾಲದ ಕಬ್ಬಿಣದ ಕಂಬಿಯ ಮಾದರಿ ಹುಡುಕುತ್ತಾ ಇಂಟರ್‌ನೆಟ್ಟಿನಲ್ಲಿ ಅಲೆಯುತ್ತಿದ್ದಾಗ ಆ ನಕ್ಷೆ ಸಿಕ್ಕಿತು. ಇಂಗ್ಲೆಂಡಿನಲ್ಲಿ ರೈಲು ಶುರುವಾದ ಹೊಸತರಲ್ಲಿ ಮಾಡಿದ ಉಗಿ ಎಂಜಿನ್ನು. ಯಾವುದೋ ಹಳೆಯ ಪುಸ್ತಕದ ಮಡಿಕೆ ಹಾಳೆಯನ್ನು ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಹಾಕಿದ್ದರು. ಆಳೆತ್ತರಕ್ಕಿಂತ ದೊಡ್ಡ ಎರಡು ಚಕ್ರ, ಹಿಂದೆ ಹಂಡೆ ಬೋರಲು ಹಾಕಿದ ಹಾಗೆ ಗುಂಡಗೆ ಮೇಲೆದ್ದ ಬೆಂಕಿಗೂಡು, ಪಕ್ಕದಲ್ಲಿ ಉದ್ದನೆಯ ಚೌಕಟ್ಟು. ಬಾಯ್ಲರಿನ ಉಬ್ಬನ್ನು ತೋರಿಸಲು ಅದನ್ನು ಬರೆದ ನಕ್ಷೆಗಾರ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಒಂದಕ್ಕೊಂದು ತಾಗದಂತೆ ಎಳೆದಿದ್ದ. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಇವನ ಗೆರೆಯನ್ನು ಇವನು ಎಳೆದ ಹಾಗೆಯೇ ನಾನು ಕಂಪ್ಯೂಟರಿನಲ್ಲಿ ಕಟ್ಟಿ ನಿಲ್ಲಿಸುತ್ತೇನೆ, ನಡುವೆ ಯಾವ ಮೇಸ್ತ್ರಿಯೂ ಬರುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

ಇಂಥ ಹುಚ್ಚಿರುವವರದೇ ಒಂದು ಗುಂಪು ಇಂಟರ್‌ನೆಟ್ಟಿನಲ್ಲಿದೆ. ಹೆಚ್ಚಿನವರು ಚಳಿದೇಶದ ನಿವೃತ್ತ ಗಂಡಸರು. ನಾನು ಗುಂಪು ಸೇರಿದಾಗ ಅವರೆಲ್ಲ ನನ್ನನ್ನೂ ಗಂಡಸೆಂದೇ ತಿಳಿದು ಸರ್ ಎಂದು ಬರೆದರು, ನಾನೂ ತಿದ್ದಲು ಹೋಗಲಿಲ್ಲ. ಅಲ್ಲಿನ ಕಿರಿಯರಿಗೆ ಅಡಿ ಅಂಗುಲದ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ನಮ್ಮಲ್ಲಿ ಸೈಟು, ಬಾಗಿಲು, ಬಾವಿ ಎಲ್ಲವೂ ಇವತ್ತಿಗೂ ಅಡಿಯಲ್ಲೇ ಇರುವುದರಿಂದ, ಆ ನಕ್ಷೆಯ ಅಳತೆಗಳು ನನಗೆ ತವರಿನ ಮಾತಿನಷ್ಟು ಸಲೀಸಾಗಿದ್ದವು. ಆ ಗುಂಪಿನ ಹಿರಿಯರೊಬ್ಬರು ಮಾತ್ರ ನಾನು ಹಾಕಿದ ಪ್ರತಿ ಭಾಗವನ್ನೂ ಹಳೆಯ ನಕ್ಷೆಯ ಮೇಲಿಟ್ಟು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದರು. ಅವರು ಒಪ್ಪಿದರೆ ಎಂಜಿನ್ನು ಗುಂಪಿನ ಸಂಗ್ರಹಕ್ಕೆ ಸೇರುತ್ತಿತ್ತು, ಇಲ್ಲವಾದರೆ ಇಲ್ಲ.

ಈಗ ನಮ್ಮ ಮಾವನವರ ವಿಷಯಕ್ಕೆ ಬರುತ್ತೇನೆ. ಯಜಮಾನರ ತಂದೆ. ಸುತ್ತ ಹತ್ತು ಹಳ್ಳಿಗೆ ತೆಂಗಿನಕಾಯಿ ಎಣಿಸಲು ಇವರೇ ಆಗಬೇಕಿತ್ತು. ತೋಟದಲ್ಲಿ ಕೆಡವಿದ ಕಾಯಿಯ ರಾಶಿಯ ಮುಂದೆ ನಿಂತು, ಕೈಗೆರಡರಂತೆ ನಾಲ್ಕು ಕಾಯಿ ಎತ್ತಿ ಪಕ್ಕಕ್ಕೆ ಎಸೆದರೆ ಒಂದು ಎಸೆತ. ಮೊದಲನೆಯ ಎಸೆತಕ್ಕೆ ಒಂದು ಎನ್ನುವ ಹಾಗಿಲ್ಲ, ಲಾಭ ಎನ್ನಬೇಕು. ಇಪ್ಪತ್ತೈದು ಎಸೆತಕ್ಕೆ ನೂರು. ನಲವತ್ತೈದು ವರ್ಷ ಹೀಗೆ ಎಸೆದಿದ್ದರು. ಇವರ ಬಾಯಲ್ಲಿ ಬಂದ ಎಣಿಕೆಯನ್ನು ಮಾರುವವನೂ ಕೊಳ್ಳುವವನೂ ಮರುಮಾತಿಲ್ಲದೆ ಒಪ್ಪುತ್ತಿದ್ದರು. ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳಾಗಿದ್ದರೂ ಪಾಲಿನ ಕಾಯಿ ಎಣಿಸಲು ಇಬ್ಬರೂ ಇವರನ್ನೇ ಕರೆಯುತ್ತಿದ್ದರು.

ಆಮೇಲೆ ಕಾಯಿ ತೂಕಕ್ಕೆ ಹೋಯಿತು. ಗಾಡಿ ಸಮೇತ ತೂಗುವ ಕಾಟಾ ಬಂದ ಮೇಲೆ ಎಣಿಸುವವರನ್ನು ಯಾರು ಕೇಳುತ್ತಾರೆ? ಒಂದು ದಿನ ಮಾವ ತಲೆಗೆ ಟವೆಲ್ ಸುತ್ತಿಕೊಂಡು ಒಂದು ತೋಟಕ್ಕೆ ಹೋದವರು ಅರ್ಧ ಗಂಟೆಯಲ್ಲೇ ವಾಪಸು ಬಂದು ಜಗಲಿಯ ಮೇಲೆ ಕೂತುಬಿಟ್ಟರು. ಅಂದಿನಿಂದ ಅವರು ಕಂಡದ್ದನ್ನೆಲ್ಲ ಎಣಿಸತೊಡಗಿದರು. ತುರುವೇಕೆರೆ ಕಡೆ ಹೋಗುವ ಬಸ್ಸು, ತಂತಿಯ ಮೇಲಿನ ಗೊರವಂಕ, ನಾನು ಒಣಗಹಾಕಿದ ಹಪ್ಪಳ. ಊಟಕ್ಕೆ ಕೂತರೂ ಅಷ್ಟೇ. ಮುದ್ದೆ ಎಷ್ಟು ಮಾವ ಎಂದರೆ, ಒಂದೂವರೆ ಎಂಬ ಉತ್ತರ ಹಸಿವಿರಲಿ ಬಿಡಲಿ ತಪ್ಪದೆ ಬರುತ್ತಿತ್ತು.

ನಾನು ಮನೆಯಲ್ಲಿ ಎಂಜಿನ್ ಕೆಲಸ ಹಿಡಿದಾಗಲೆಲ್ಲ ಅವರು ಹಿಂದೆ ಬಂದು ನಿಲ್ಲುವುದು ಶುರುವಾಯಿತು. ಹಿಂದೆ ಯಾರಾದರೂ ನಿಂತರೆ ನನಗೆ ಗೆರೆ ಓಡುವುದಿಲ್ಲ.

"ಇದು ನಮ್ ರೈಲಾ?" ಎಂದು ಕೇಳಿದರು.

"ಅಲ್ಲ ಮಾವ. ನಮ್ದು ಮೊದ್ಲು ಮೀಟರ್ ಗೇಜು, ಈಗ ಬ್ರಾಡ್ ಗೇಜು, ಐದೂವರೆ ಅಡಿ. ಇದು ಅವ್ರ ಬ್ರಾಡ್ ಗೇಜು. ಹಳಿ ಹಳಿ ಮಧ್ಯೆ ಏಳಡಿ."

"ಏಳಡಿನಾ?" ಎಂದವರು ಸೀದಾ ಅಂಗಳಕ್ಕೆ ಇಳಿದು, ಹಗ್ಗ ಹಿಡಿದು ಏಳಡಿ ಅಳೆದು, ಎರಡು ಸಾಲು ತೆಂಗಿನಕಾಯಿ ಜೋಡಿಸಿದರು. ಅಂಗಳದ ಈ ಮೂಲೆಯಿಂದ ಆ ಮೂಲೆವರೆಗೆ ಹಳಿ. ಸಂಜೆ ಸ್ಕೂಲಿನಿಂದ ಬಂದ ಯಜಮಾನರು ಬೈಕ್ ಸಮೇತ ಅದರ ಮೇಲೆ ಹತ್ತಿ, ಎರಡು ಕಾಯಿ ದಾಟಿ, ಮೂರನೆಯದಕ್ಕೆ ಮಲಗಿದರು. ಮೊಣಕಾಲು ತರಚಿತ್ತು. ಮಾವ ಮಗನನ್ನು ಎತ್ತುವ ಮೊದಲು ಕಾಯಿಗಳನ್ನು ಸರಿಮಾಡಿದರು.

ಆ ಏಳಡಿಯಲ್ಲೇ ನನಗೊಂದು ಕಾಟವಿತ್ತು. ಒಂದು ನಕ್ಷೆಯಲ್ಲಿ ಏಳಡಿ ಎಂದಿದ್ದರೆ, ಅದಾದ ಮೇಲಿನ ಇನ್ನೊಂದರಲ್ಲಿ ಏಳಡಿ ಮೇಲೆ ಕಾಲಂಗುಲ ಎಂದಿತ್ತು. ಅಷ್ಟು ದೊಡ್ಡ ರೈಲಿಗೆ ಕಾಲಂಗುಲ ಏಕೆ? ಯಾವನೋ ಗುಮಾಸ್ತ ನಕಲು ಮಾಡುವಾಗ ತೂಕಡಿಸಿದ್ದಾನೆ ಎಂದು ನಾನು ಕಾಲಂಗುಲವನ್ನು ಹೊಡೆದುಹಾಕಿ ಏಳಡಿಯನ್ನೇ ಇಟ್ಟುಕೊಂಡೆ, ಹಾಗೆಂದು ಹಳಿಯ ಪಕ್ಕ ಒಂದು ಟಿಪ್ಪಣಿಯನ್ನೂ ಬರೆದಿಟ್ಟೆ. ಚಕ್ರಗಳನ್ನು ಹಳಿಯ ಮೇಲೆ ಕೂರಿಸಿ ಉರುಳಿಸಿದರೆ, ನೇರ ಹಳಿಯಲ್ಲಿ ಹೇಗೋ ಹೋಗುತ್ತಿದ್ದವು. ತಿರುವಿನಲ್ಲಿ ಅಂಚು ಹಳಿಗೆ ಒತ್ತಿ, ತಾಗುತ್ತಿದೆ ಎಂದು ಎಚ್ಚರಿಸಲು ಸ್ಕ್ರೀನೆಲ್ಲ ಕೆಂಪಾಗುತ್ತಿತ್ತು. ಚಕ್ರದಲ್ಲೇ ಏನೋ ತಪ್ಪಿದೆ ಎಂದು ಎರಡು ವಾರ ಚಕ್ರ ಕಿತ್ತು ಹಾಕಿದೆ, ಹಾಕಿ ಕಿತ್ತೆ. ತಲೆ ಕೆಟ್ಟು ಗೊಬ್ಬರವಾಯಿತು.

ಮಾವ ಅಂಗಳದಿಂದಲೇ ಒಮ್ಮೆ ಹೇಳಿದರು. "ಅಷ್ಟು ಬಿಗಿಯಾಗಿ ಇಟ್ರೆ ಯಾವ್ದೂ ಉರ್ಳಲ್ಲ ಕಣಮ್ಮ. ಒಸಿ ಸಡ್ಲ ಬುಡು."

ನನಗೆ ಅದು ಥೇಟ್ ಮೇಸ್ತ್ರಿಯ ಮಾತಿನಂತೆ ಕೇಳಿಸಿತು. "ಮಾವ, ಇದು ಎಂಜಿನಿಯರಿಂಗ್ ಡ್ರಾಯಿಂಗು, ಸಡ್ಲ ಗಿಡ್ಲ ನಡಿಯಲ್ಲ" ಎಂದೆ.

ಅವರನ್ನು ನನ್ನ ಬೆನ್ನ ಹಿಂದಿನಿಂದ ಸಾಗಹಾಕಲೆಂದೇ ರಿವೆಟ್ಟಿನ ಕೆಲಸ ಕೊಟ್ಟದ್ದು. ಇದನ್ನು ಒಪ್ಪಿಕೊಳ್ಳಲು ನನಗೆ ಈಗಲೂ ನಾಚಿಕೆಯಾಗುತ್ತದೆ. ಎಂಜಿನ್ನಿನ ಪಕ್ಕದ ಚೌಕಟ್ಟಿನ ಅಂಚಿನುದ್ದಕ್ಕೂ ಒಂದು ಸುತ್ತು ರಿವೆಟ್‌ಗಳಿವೆ, ತಗಡು ಬಿಗಿಯುವ ಗುಂಡುತಲೆಯ ಮೊಳೆಗಳು, ನಕ್ಷೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಸಣ್ಣವು. ಕಂಪ್ಯೂಟರಿಗೆ ಆ ಸುತ್ತಿನ ದಾರಿ ತೋರಿಸಿ ಒಟ್ಟು ಎಷ್ಟು ಎಂದು ಹೇಳಿದರೆ ಸಾಕು, ಸಮನಾಗಿ ಅದೇ ಹಂಚುತ್ತದೆ. ಆದರೆ ಎಷ್ಟು ಎಂದು ಯಾರಾದರೂ ಕೂತು ಎಣಿಸಬೇಕು. ಚೌಕಟ್ಟಿನ ಭಾಗವನ್ನು ಹಾಸಿಗೆಯಷ್ಟು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ತಂದು, "ಮಾವ, ಇಷ್ಟು ಎಣಿಸಿಕೊಡ್ತೀರಾ?" ಎಂದೆ.

ಅವರು ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. ಎದ್ದು ಹೋಗಿ ಮುಖ ತೊಳೆದು, ವಿಭೂತಿ ಇಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಬಂದರು. ತೋಟಕ್ಕೆ ಹೊರಡುವಾಗ ಸುತ್ತುತ್ತಿದ್ದ ಹಾಗೆಯೇ. ಜಗಲಿಯ ಮೇಲೆ ಹಾಳೆ ಹಾಸಿ, ನಾಲ್ಕು ಮೂಲೆಗೂ ಕಾಯಿ ಇಟ್ಟು, ಗುಂಡುಸೂಜಿ ಹಿಡಿದು ಲಾಭ ಎಂದು ಶುರುಮಾಡಿದರು. ಒಂದೊಂದು ರಿವೆಟ್ಟಿಗೂ ಒಂದೊಂದು ಚುಚ್ಚು. ಮೂರು ದಿನ ಹಿಡಿಯಿತು. ಆ ಮೂರು ದಿನ ತುರುವೇಕೆರೆಗೆ ಎಷ್ಟು ಬಸ್ಸು ಹೋದವೋ ಯಾರಿಗೂ ತಿಳಿಯದು. ಪಕ್ಕದ ಮನೆಯವರು ಮಾತಾಡಿಸಲು ಬಂದರೆ, "ಎಣಿಕೆ ನಡೀತೈತೆ, ಆಮ್ಯಾಕ್ ಬಾ" ಎಂದು ಕಳಿಸುತ್ತಿದ್ದರು.

ಮೂರನೆಯ ದಿನ ಬಂದು ನನ್ನ ಮೇಜಿನ ಮುಂದೆ ನಿಂತರು. "ಮುನ್ನೂರು" ಎಂದರು. ಅವರು ತೋಟದ ಯಜಮಾನರ ಮುಂದೆ ನಿಂತು ಹೇಳುತ್ತಿದ್ದ ದನಿ ಇದೇ ಇರಬೇಕು ಎನಿಸಿತು. ಮುನ್ನೂರು ಎಂದರೆ ಮುನ್ನೂರು. ಎಷ್ಟು ಚೊಕ್ಕ ಲೆಕ್ಕ, ಆ ಕಾಲದ ಎಂಜಿನಿಯರುಗಳೆಂದರೆ ಹೀಗಿರಬೇಕು ಎಂದು ನಾನೂ ಖುಷಿಯಾಗಿ ಅದನ್ನೇ ಕಂಪ್ಯೂಟರಿಗೆ ಹೇಳಿ ಗುಂಪಿಗೆ ಕಳಿಸಿದೆ.

ನಾಲ್ಕು ದಿನಕ್ಕೆ ಆ ಹಿರಿಯರ ಉತ್ತರ ಬಂತು. ಬಹಳ ಮರ್ಯಾದೆಯ ಮನುಷ್ಯ. ಬಾಯ್ಲರು ಚೆನ್ನಾಗಿದೆ, ಬೆಂಕಿಗೂಡು ಅದ್ಭುತವಾಗಿದೆ ಎಂದೆಲ್ಲ ಬರೆದು, ಕೊನೆಗೆ, ಸರ್, ನಿಮ್ಮ ರಿವೆಟ್‌ಗಳು ಮೊದಲ ಮೂಲೆಯಲ್ಲಿ ನಕ್ಷೆಯ ಮೇಲೆ ಸರಿಯಾಗಿ ಕೂರುತ್ತವೆ, ಆಮೇಲೆ ಒಂದೊಂದಾಗಿ ಜರುಗುತ್ತಾ ಹೋಗುತ್ತವೆ, ಎಣಿಕೆಯಲ್ಲಿ ಹನ್ನೆರಡು ಕಮ್ಮಿ ಇರುವಂತಿದೆ ಎಂದಿದ್ದರು. ನಾನೇ ಕೂತು ಸ್ಕ್ರೀನ್ ಮೇಲೆ ಎರಡು ಸಲ ಎಣಿಸಿದೆ. ಎರಡು ಸಲವೂ ಮುನ್ನೂರ ಹನ್ನೆರಡು.

ಆಗ ನಾನು ಒಂದು ಲೋಟ ನೀರು ಕುಡಿದು ಸುಮ್ಮನೆ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಎರಡು ವಾರದ ಚಕ್ರದ ಸಿಟ್ಟೂ ಸೇರಿಕೊಂಡು ದುಡುದುಡು ಜಗಲಿಗೆ ಬಂದೆ.

"ಏನ್ ಮಾವ, ಹನ್ನೆರಡು ಕಮ್ಮಿ ಎಣ್ಸಿದ್ದೀರಲ್ಲ. ದೇಶದೇಶದವ್ರ ಮುಂದೆ ನನ್ ಮಾನ ಹೋಯ್ತು. ಆಗಲ್ಲ ಅಂದಿದ್ರೆ ನಾನೇ ಎಣಿಸ್ಕೊತಿರ್ಲಿಲ್ವಾ?"

ಮಾವ ನನ್ನ ಮುಖ ನೋಡಲಿಲ್ಲ. "ಕಮ್ಮಿ ಬಂತಾ?" ಎಂದಷ್ಟೇ ಕೇಳಿದರು. ಕನ್ನಡಕ ತೆಗೆದು, ಒರೆಸಿ, ಡಬ್ಬಿಯೊಳಗಿಟ್ಟರು. ತಲೆಯ ಟವೆಲ್ ಬಿಚ್ಚಿ ಮಡಚಿದರು. ಹಾಳೆಯನ್ನು ಸುತ್ತಿ ಅಟ್ಟದ ಏಣಿಯ ಪಕ್ಕ ನಿಲ್ಲಿಸಿ ಒಳಗೆ ಹೋದರು.

ಅವತ್ತು ಊಟಕ್ಕೆ ಕೂತಾಗ, ಮುದ್ದೆ ಎಷ್ಟು ಮಾವ ಎಂದು ಕೇಳಿದೆ.

"ಎಷ್ಟಾದ್ರೂ ಹಾಕು ತಾಯಿ" ಎಂದರು.

ಯಜಮಾನರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟು ನನ್ನ ಕಡೆ ನೋಡಿದರು. ಮಾರನೆಯ ದಿನವೂ ಎಷ್ಟಾದರೂ. ಅದರ ಮಾರನೆಯ ದಿನವೂ. ಬಸ್ಸು ಹಾರ್ನ್ ಹೊಡೆದುಕೊಂಡು ಹೋದರೂ ಮಾವ ತಲೆ ಎತ್ತುತ್ತಿರಲಿಲ್ಲ. ಅಂಗಳದ ಕಾಯಿಯ ಹಳಿಯನ್ನು ಅವರೇ ಕಿತ್ತು ಮೂಲೆಗೆ ಗುಡ್ಡೆ ಹಾಕಿದರು, ಅದನ್ನೂ ಎಣಿಸಲಿಲ್ಲ. ಕಾಟಾ ಬಂದಾಗ ಅವರ ಕೆಲಸ ಹೋಗಿತ್ತು, ಎಣಿಕೆ ಹೋಗಿರಲಿಲ್ಲ. ಅದನ್ನು ಕಿತ್ತುಕೊಂಡವಳು ನಾನು. ಆದರೂ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ, ಏಕೆಂದರೆ ಹನ್ನೆರಡು ಕಮ್ಮಿ ಇದ್ದದ್ದು ನಿಜವೇ ಆಗಿತ್ತು.

ಭಾನುವಾರ ಅಟ್ಟದಿಂದ ಕಾಯಿ ಇಳಿಸಲು ಏಣಿ ತೆಗೆದಾಗ ಆ ಸುರುಳಿ ಉರುಳಿ ಬಿಚ್ಚಿಕೊಂಡಿತು. ಎತ್ತಿ ಹಿಡಿದಾಗ ಕಿಟಕಿಯ ಬೆಳಕು ಹಿಂದಿನಿಂದ ಬಿದ್ದು ಚುಚ್ಚುಗಳೆಲ್ಲ ಮಿಣಮಿಣ ಎಂದವು. ಒಂದೊಂದಾಗಿ ನೋಡಿದೆ. ಒಂದು ರಿವೆಟ್ಟೂ ತಪ್ಪಿರಲಿಲ್ಲ. ಸುತ್ತಲೂ, ಮಡಿಕೆಯಲ್ಲಿ ಅರ್ಧ ಅಳಿಸಿಹೋದ ಕಡೆಯೂ, ಎಲ್ಲಕ್ಕೂ ಚುಚ್ಚಿತ್ತು. ನೂರು ಮುಗಿದಲ್ಲಿ ಪೆನ್ಸಿಲಿನ ಒಂದು ಗೀಟು. ಗೀಟಿನ ಪಕ್ಕದ ನಾಲ್ಕು ರಿವೆಟ್ಟಿನ ಸುತ್ತ ಒಂದು ಸೊನ್ನೆ. ಮತ್ತೆ ನೂರು, ಮತ್ತೆ ಗೀಟು, ಮತ್ತೆ ನಾಲ್ಕಕ್ಕೆ ಸೊನ್ನೆ. ಅಂಥವು ಮೂರು.

ಕೊಸರು. ನಮ್ಮ ಕಡೆ ಕಾಯಿ ಎಣಿಸುವಾಗ ನೂರಾದ ಮೇಲೆ ಒಂದು ಎಸೆತ ಸುಮ್ಮನೆ ಹಾಕುತ್ತಾರೆ. ಅದು ಲೆಕ್ಕಕ್ಕಿಲ್ಲ, ಕೊಳ್ಳುವವನಿಗೆ. ಒಡಕು ಬರಬಹುದು, ಕೊಳೆತದ್ದಿರಬಹುದು, ಏನೂ ಇಲ್ಲದಿದ್ದರೆ ಮರ್ಯಾದೆಗಿರಲಿ ಎಂದು. ನಲವತ್ತೈದು ವರ್ಷ ಕೊಸರು ಬಿಟ್ಟ ಕೈ ಇಂಗ್ಲೆಂಡಿನ ಎಂಜಿನ್ನಿಗೂ ನೂರಕ್ಕೆ ನಾಲ್ಕರಂತೆ ಹನ್ನೆರಡು ರಿವೆಟ್ ಬಿಟ್ಟಿತ್ತು. ನಾನು ಏಣಿಯ ಬುಡದಲ್ಲೇ ಕೂತು ನಗಾಡಿದೆ. ನಗುನಗುತ್ತಲೇ ಅಳು ಬಂತು, ಸೆರಗಿನಲ್ಲಿ ಮುಖ ಒರೆಸಿಕೊಂಡು ಹಾಳೆ ಹಿಡಿದು ಹೊರಗೆ ಬಂದೆ.

"ಮಾವ, ಕೊಸರು ಬಿಟ್ಟು ಹೇಳಿದ್ರಾ?"

ಮಾವ ನನ್ನನ್ನು ವಿಚಿತ್ರವಾಗಿ ನೋಡಿದರು. "ಬುಡ್ದೆ ಇರಕ್ಕಾಯ್ತದಾ? ಕೊಸರ್ನೂ ಲೆಕ್ಕಕ್ಕೆ ಹಿಡಿದ್ರೆ ಜನ ಏನಂದಾರು?"

"ನಿಮ್ ಎಣಿಕೆ ಸರಿಯಾಗೇ ಇತ್ತು ಮಾವ. ಒಂದೂ ತಪ್ಪಿರ್ಲಿಲ್ಲ. ನಾನು ಸುಮ್ಸುಮ್ನೆ ಬೈದ್ಬಿಟ್ಟೆ, ತಪ್ಪಾಯ್ತು."

"ಹೋಗ್ಲಿ ಬುಡು" ಎಂದರು. ಆದರೆ ಕನ್ನಡಕದ ಡಬ್ಬಿ ತೆರೆಯಲಿಲ್ಲ. ಬಾಯಲ್ಲಿ ಹೋಗಲಿ ಎಂದರೂ ಮನಸ್ಸಿಗೆ ನಾಟಿದ್ದು ಅಷ್ಟು ಬೇಗ ಹೋಗುವುದಿಲ್ಲ. ಅಂದಿನ ಊಟಕ್ಕೂ ಎಷ್ಟಾದರೂ ಎಂದೇ ಹೇಳಿದರು.

ನಾನು ಆ ಹಿರಿಯರಿಗೆ ಉದ್ದನೆಯ ಪತ್ರ ಬರೆದೆ. ಎಣಿಸಿದವರು ನನ್ನ ಮಾವ, ನಮ್ಮಲ್ಲಿ ನೂರಕ್ಕೆ ನಾಲ್ಕು ಬಿಡುವ ಪದ್ಧತಿ, ಆ ಹನ್ನೆರಡು ರಿವೆಟ್ ನಿಮಗೆ ಕೊಟ್ಟ ಮರ್ಯಾದೆ, ದಯವಿಟ್ಟು ಸ್ವೀಕರಿಸಿ, ಮತ್ತು ನಾನು ಸರ್ ಅಲ್ಲ ಎಂದು. ಎರಡೇ ದಿನಕ್ಕೆ ಉತ್ತರ ಬಂತು. ಮೇಡಮ್ ಎಂದು ಶುರುಮಾಡಿದ್ದರು. ನಿಮ್ಮ ಮಾವನವರಿಗೆ ನನ್ನ ವಂದನೆ ಹೇಳಿ ಎಂದು ಬರೆದು, ಮುಂದಕ್ಕೆ ಹೀಗೆ ಹೇಳಿದ್ದರು: ಅಂದಹಾಗೆ, ನಿಮ್ಮ ಹಳಿಯನ್ನೂ ಅದರ ಟಿಪ್ಪಣಿಯನ್ನೂ ನೋಡಿದೆ. ನೀವು ಹೊಡೆದುಹಾಕಿದ ಕಾಲಂಗುಲ ಗುಮಾಸ್ತನ ತಪ್ಪಲ್ಲ. ಮೊದಲು ನಮ್ಮವರು ಸರಿಯಾಗಿ ಏಳಡಿಗೇ ಹಳಿ ಹಾಕಿದ್ದರು, ಚಕ್ರ ಹಿಡಿದುಕೊಳ್ಳುತ್ತಿತ್ತು. ಸಲೀಸಾಗಿ ಉರುಳಲೆಂದು ಆಮೇಲೆ ಕಾಲಂಗುಲ ಹೆಚ್ಚಿಗೆ ಬಿಟ್ಟರು. ನಿಮ್ಮ ಮಾವನವರಾಗಿದ್ದರೆ ಮೊದಲೇ ಬಿಡುತ್ತಿದ್ದರೇನೋ.

ಆ ಪತ್ರವನ್ನು ಎರಡು ಸಲ ಓದಿದೆ. ಆಮೇಲೆ ಹಳಿಗೆ ಕಾಲಂಗುಲ ಸೇರಿಸಿದೆ, ಚಕ್ರವನ್ನು ಮುಟ್ಟಲೇ ಇಲ್ಲ. ಚೌಕಟ್ಟಿಗೆ ಮುನ್ನೂರ ಹನ್ನೆರಡು ರಿವೆಟ್ ಕೊಟ್ಟೆ. ಜಗಲಿಯಿಂದ ಮಾವನವರನ್ನು ಕರೆದು ಕುರ್ಚಿಯ ಮೇಲೆ ಕೂರಿಸಿ ಎಂಜಿನ್ ಬಿಟ್ಟೆ. ಅದು ನೇರ ಹಳಿಯಲ್ಲಿ ಹೋಯಿತು, ತಿರುವಿಗೆ ಬಂತು, ಆ ದೊಡ್ಡ ಚಕ್ರಗಳು ಎಲ್ಲೂ ಕೆಂಪಾಗದೆ ತಿರುವು ದಾಟಿ ಹೋದವು.

"ಈಗ್ ಹೆಂಗೆ ಹೋಯ್ತು?" ಎಂದು ಮಾವ ಕೇಳಿದರು.

"ಏಳಡಿ ಮೇಲೆ ಕಾಲಂಗುಲ ಬಿಟ್ಟೆ ಮಾವ. ಅವ್ರೂ ಹಂಗೇ ಬಿಟ್ಟಿದ್ರಂತೆ. ನೀವ್ ಹೇಳ್ದಾಗ್ಲೇ ನಾನು ಕೇಳ್ಬೇಕಿತ್ತು."

"ಅವ್ರ್ಗೂ ಕೊಸರು ಗೊತ್ತಿತ್ತು ಅನ್ನು" ಎಂದರು. ಮತ್ತೆರಡು ಸಲ ಎಂಜಿನ್ ಓಡಿಸಲು ಹೇಳಿ ನೋಡಿದರು. ಆಮೇಲೆ ಜೇಬಿನಿಂದ ಡಬ್ಬಿ ತೆಗೆದು, ಕನ್ನಡಕ ಹಾಕಿಕೊಂಡು, ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ ಚಕ್ರದ ಕಡ್ಡಿಗಳ ಮೇಲೆ ಬೆರಳು ಓಡಿಸಿದರು. ತುಟಿ ಅಲ್ಲಾಡುತ್ತಿತ್ತು. ಮೊದಲನೆಯ ಕಡ್ಡಿಗೆ ಲಾಭ ಎಂದದ್ದು ನನಗೆ ಕೇಳಿಸಿತು.

ಅವತ್ತು ಊಟಕ್ಕೆ ಕೂತಾಗ ಹೆದರಿಕೊಂಡೇ ಕೇಳಿದೆ. "ಮುದ್ದೆ ಎಷ್ಟು ಮಾವ?"

"ಒಂದೂವರೆ."

ಒಂದೂವರೆ ಬಡಿಸಿ, ಮೇಲೆ ನೆಲ್ಲಿಕಾಯಿಯಷ್ಟು ಮುರಿದು ತಟ್ಟೆಯ ಅಂಚಿಗೆ ಹಾಕಿದೆ. ಮಾವ ಅದನ್ನು ನೋಡಿದರು, ಬೇಡ ಎನ್ನಲಿಲ್ಲ. ಕೊಸರು ಬೇಡ ಎನ್ನುವ ಪದ್ಧತಿ ನಮ್ಮ ಕಡೆ ಇಲ್ಲ.